ಕಮಿಷನ್ ಕೊಟ್ಟರೆ ನಮಗೆ ಸಿಗುವುದೇನು?

ಪ್ರಶ್ನೆ: ಅಪ್ಪ ಅಮ್ಮ ಕಟ್ಟಿಸಿದ ಮನೆಯನ್ನು ಮಾರಬೇಕೆಂದು ನಾನೂ ತಂಗಿಯೂ ತೀರ್ಮಾನಿಸಿದ್ದೇವೆ. ಏಜೆಂಟ್ ಕೈಗೆ ಕೊಟ್ಟುಬಿಡೋಣ ಅನ್ನುತ್ತಾಳೆ ಅವಳು. ನನಗೆ ಮನಸ್ಸಿಲ್ಲ. ನಾಲ್ಕು ಫೋಟೊ ತೆಗೆದು ಇಂಟರ್‌ನೆಟ್‌ನಲ್ಲಿ ಹಾಕಿದರೆ ಕೊಳ್ಳುವವರು ತಾವಾಗಿಯೇ ಬರುತ್ತಾರೆ, ಸುಮ್ನೆ ಯಾರಿಗೋ ಕಮಿಷನ್ ಯಾಕೆ ಕೊಡಬೇಕು? ಏಜೆಂಟ್ ಇದ್ದರೆ ನಿಜವಾಗಿ ಏನಾದರೂ ಲಾಭ ಇದೆಯಾ?

ಉತ್ತರ: ಇದೆ. ಆದರೆ ಬೆಲೆಯಲ್ಲೇ ಆ ಲಾಭ ಹುಡುಕಿದರೆ ನಿರಾಸೆ ಆಗಬಹುದು. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಮಾಲೀಕರೇ ನೇರವಾಗಿ ಮಾರಿದ ಮನೆಗಳನ್ನೂ ಏಜೆಂಟರ ಮೂಲಕ ಹೋದ ಮನೆಗಳನ್ನೂ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಏಜೆಂಟ್ ಇದ್ದ ಮಾತ್ರಕ್ಕೆ ಬೆಲೆ ಜಾಸ್ತಿ ಬಂದಿರಲಿಲ್ಲ. ಆದರೆ ಮಾಲೀಕರೇ ಮಾರಲು ಹೊರಟ ಮನೆಗಳು ಹೋಗಲು ಹೆಚ್ಚು ಸಮಯ ಹಿಡಿದಿತ್ತು, ಕೆಲವು ಮಾಲೀಕರು ಕೊನೆಗೆ ಏಜೆಂಟರ ಹತ್ತಿರವೇ ಹೋದರು. ಹಾಗಾಗಿ "ನನಗೆ ಕೊಟ್ಟರೆ ಕಮಿಷನ್ ಕಳೆದೂ ನಿಮಗೆ ಜಾಸ್ತಿ ಉಳಿಯುತ್ತೆ" ಎಂದು ಯಾರಾದರೂ ಆಣೆ ಹಾಕಿ ಹೇಳಿದರೆ ಹಾಗೇ ನಂಬಿಬಿಡಬೇಡಿ.

ಮತ್ತೆ ಕಮಿಷನ್ ಯಾತಕ್ಕೆ? ನಿಮಗೂ ಕೊಳ್ಳುವವರಿಗೂ ಮಧ್ಯೆ, ಆ ಮನೆಯ ಮೇಲೆ ಮಮತೆ ಇಲ್ಲದ, ಕೆಲಸ ಬಲ್ಲ ಒಬ್ಬರು ಬೇಕು ಅನ್ನುವುದಕ್ಕೆ. ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಇದು ಹೆತ್ತವರ ಮನೆ. ನಮ್ಮದು ಅನಿಸಿದ ವಸ್ತುವಿಗೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ. ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಕೈಯಲ್ಲಿ ಮಗ್ ಇದ್ದವರು ಕೇಳಿದ್ದು ಸುಮಾರು ಎರಡರಷ್ಟು! ಆಗ ತಾನೇ ಕೈಗೆ ಬಂದ ಮಗ್‌ಗೇ ಹೀಗಾದರೆ, ಹುಟ್ಟಿ ಬೆಳೆದ ಮನೆಗೆ ಎಷ್ಟು ಕಟ್ಟುತ್ತೀರೋ ನೀವೇ ಯೋಚಿಸಿ. ಬೆಲೆ ಸ್ವಲ್ಪ ಏರಿಸಿಯೇ ಹೇಳೋಣ, ಆಮೇಲೆ ಇಳಿಸಿದರಾಯ್ತು ಎಂದು ಶುರು ಮಾಡಿದರೆ ಮೊದಮೊದಲು ಬರುವ, ನಿಜವಾಗಿ ಕೊಳ್ಳುವ ಮನಸ್ಸಿರುವ ಜನ ಬೆಲೆ ನೋಡಿಯೇ ಮುಂದೆ ಹೋಗುತ್ತಾರೆ, ಆಮೇಲೆ ಬರುವವರು "ಇಷ್ಟು ದಿನವಾದರೂ ಯಾರೂ ಯಾಕೆ ತಗೊಂಡಿಲ್ಲ, ಏನೋ ತೊಂದರೆ ಇರಬೇಕು" ಎಂಬ ಅನುಮಾನದಿಂದಲೇ ಬಾಗಿಲು ತಟ್ಟುತ್ತಾರೆ. ಹತ್ತಿರದಲ್ಲಿ ಇಂಥದೇ ಮನೆಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ಎಂದು ಬಲ್ಲ ಏಜೆಂಟ್ ಈ ವಿಷಯದಲ್ಲಿ ನಿಮಗೆ ಇಷ್ಟವಾಗದ ಮಾತು ಹೇಳುತ್ತಾರೆ. ಆ ಮಾತಿಗೇ ಅರ್ಧ ಕಮಿಷನ್ ಕೊಡಬಹುದು.

ಮನೆ ತೋರಿಸುವ ಹೊತ್ತನ್ನು ನೆನೆಸಿಕೊಳ್ಳಿ. ಮಾಲೀಕರು ಬಂದವರ ಹಿಂದೆಯೇ ಕೋಣೆಯಿಂದ ಕೋಣೆಗೆ ನಡೆಯುತ್ತಾರೆ. ಈ ಕಪಾಟು ಅಪ್ಪ ನಿಂತು ಮಾಡಿಸಿದ್ದು, ಈ ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತೆ ಎಂದು ಹೇಳುತ್ತಲೇ ಇರುತ್ತಾರೆ. ಬಂದ ಹೆಂಗಸು ಗೋಡೆಯ ಮೂಲೆಯಲ್ಲಿ ತೇವದ ಕಲೆ ನೋಡುತ್ತಾಳೆ. ಗಂಡನಿಗೆ ಹೇಳಬೇಕು. ಮಾಲೀಕರು ಪಕ್ಕದಲ್ಲೇ ಇದ್ದಾರೆ, ಹೇಗೆ ಹೇಳುವುದು? ಸುಮ್ಮನಾಗುತ್ತಾಳೆ. "ಮನೆ ಚೆನ್ನಾಗಿದೆ, ಯೋಚಿಸಿ ಹೇಳ್ತೀವಿ" ಅನ್ನುತ್ತಾರೆ, ಹೊರಡುತ್ತಾರೆ, ಮತ್ತೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಮಾಲೀಕರಿಗೆ ಕೊನೆಗೂ ಗೊತ್ತಾಗುವುದಿಲ್ಲ. ಅದೇ ಏಜೆಂಟ್ ಇದ್ದಿದ್ದರೆ ಆಕೆ ಅವರ ಹತ್ತಿರ ನೇರವಾಗಿ ಕೇಳುತ್ತಿದ್ದಳು, ಏಜೆಂಟ್ ಮನಸ್ಸಿಗೆ ಹಚ್ಚಿಕೊಳ್ಳದೆ, ಸಿಟ್ಟೂ ಮಾಡಿಕೊಳ್ಳದೆ, ಎಲ್ಲಿಂದ ಸೋರುತ್ತಿದೆ, ರಿಪೇರಿಗೆ ಎಷ್ಟು ಆಗುತ್ತೆ, ನೀವೇ ಮಾಡಿಸಿ ಕೊಡುವುದಾ ಇಲ್ಲ ಬೆಲೆಯಲ್ಲಿ ಕಳೆಯುವುದಾ ಎಂದು ಅದನ್ನು ಒಂದು ಲೆಕ್ಕದ ಪ್ರಶ್ನೆ ಮಾಡಿಬಿಡುತ್ತಿದ್ದರು. ಅಣ್ಣ ತಂಗಿ ಇಬ್ಬರೂ ಪಾಲುದಾರರು ಎಂದ ಮೇಲೆ ಇನ್ನೊಂದು ಮಾತು: ಹೊರಗಿನವರೊಬ್ಬರು ಬೆಲೆ ಹೇಳಿದರೆ ನಿಮ್ಮಿಬ್ಬರ ಮಧ್ಯೆ ಮನಸ್ತಾಪ ಬರುವುದೂ ಕಡಿಮೆ.

ಬೆಲೆ ಕುದುರಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ ಅಲ್ವಾ? ವ್ಯವಹಾರ ಮುರಿದುಬೀಳುವುದು ಬಹಳ ಸಲ ಅದಾದ ಮೇಲೇ. ಕೊಳ್ಳುವವರ ಬ್ಯಾಂಕ್ ಸಾಲ ತಡವಾಗುತ್ತೆ, ಹಳೆಯ ದಾಖಲೆಯೊಂದರಲ್ಲಿ ಅಳತೆ ಹೊಂದುವುದಿಲ್ಲ, ಮುಂಗಡ ಕೊಟ್ಟವರು ಇನ್ನೊಂದು ಮನೆ ನೋಡಿ ಹಿಂದೆ ಮುಂದೆ ನೋಡುತ್ತಾರೆ. ಇಂಥವನ್ನು ಎಷ್ಟೋ ಸಲ ಕಂಡವರು ಎರಡೂ ಕಡೆಗೆ ಫೋನ್ ಮಾಡಿ ದಿನವೂ ವಿಚಾರಿಸುತ್ತಾರೆ. ನಿಮಗೆ ಕೆಲಸ, ಸಂಸಾರ ಎರಡೂ ಇರುವಾಗ ಆ ಓಡಾಟ ಸಣ್ಣದಲ್ಲ. ಒಂದು ಮಾತ್ರ ನೆನಪಿಡಿ, ಏಜೆಂಟ್ ವಕೀಲರಲ್ಲ. ಹಕ್ಕುಪತ್ರ, ಹಳೆಯ ಸಾಲ, ಕರಾರಿನ ಮಾತುಗಳನ್ನು ವಕೀಲರಿಗೇ ತೋರಿಸಬೇಕು, ಆ ಖರ್ಚು ಉಳಿಸಲು ಹೋಗಬೇಡಿ.

ಬಾಡಿಗೆಗೆ ಇರುವವರೋ ಪಕ್ಕದ ಮನೆಯವರೋ ಈಗಾಗಲೇ ನ್ಯಾಯವಾದ ಬೆಲೆಗೆ ತಗೊಳ್ಳಲು ತಯಾರಿದ್ದರೆ ನಿಮ್ಮ ಮಾತೇ ಸರಿ. ಆಗ ಏಜೆಂಟ್ ಬೇಡ. ಬೆಲೆ ಕಟ್ಟುವ ತಜ್ಞರೊಬ್ಬರು, ವಕೀಲರೊಬ್ಬರು, ಅಷ್ಟು ಸಾಕು. ಇಲ್ಲವಾದರೆ ತಂಗಿಯ ಮಾತು ಕೇಳಿ.

ಪ್ರಶ್ನೆ: ನಾನು ಮನೆ ಕೊಳ್ಳುವವಳು. ಮನೆ ತೋರಿಸಿದ ಏಜೆಂಟ್ ಬಹಳ ಒಳ್ಳೆಯವರು, "ನಾನು ನಿಮ್ಮ ಕಡೆಯವನೇ" ಅನ್ನುತ್ತಾರೆ. ಆದರೆ ಮಾರುವವರೂ ಅವರಿಗೇ ಕಮಿಷನ್ ಕೊಡುತ್ತಾರಂತೆ. ನನಗೆ ಬೇರೆ ಏಜೆಂಟ್ ಬೇಕಾ?

ಉತ್ತರ: ಬೇಕು. ಅವರು ಒಳ್ಳೆಯವರಲ್ಲ ಎಂದು ನಾನು ಹೇಳುತ್ತಿಲ್ಲ. ಮಾರುವವರಿಗೆ ಜಾಸ್ತಿ ಬೆಲೆ ಬೇಕು, ನಿಮಗೆ ಕಡಿಮೆ ಬೆಲೆ ಬೇಕು, ಇಬ್ಬರ ಪರವಾಗಿಯೂ ಒಬ್ಬರೇ ಪೂರ್ತಿ ಮನಸ್ಸಿನಿಂದ ಮಾತಾಡುವುದು ಸಾಧ್ಯವಿಲ್ಲ. ಕೆಲವು ಕಡೆ ಇಬ್ಬರೂ ಬರವಣಿಗೆಯಲ್ಲಿ ಒಪ್ಪಿದರೆ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ, ಕೆಲವು ಕಡೆ ಕೊಡುವುದಿಲ್ಲ. ಅವಕಾಶ ಇದ್ದರೂ ನಿಮ್ಮ ಕೊನೆಯ ಬೆಲೆ ಎಷ್ಟು ಎಂಬುದನ್ನು ಅವರ ಮುಂದೆ ಬಾಯಿ ಬಿಡಬೇಡಿ.

ನಿಮ್ಮ ಪರವಾಗಿಯೇ ಒಬ್ಬರನ್ನು ಇಟ್ಟುಕೊಂಡರೆ, ಏನೇನು ಮಾಡಿಕೊಡುತ್ತಾರೆ, ಎಷ್ಟು ಕೊಡಬೇಕು, ಯಾರು ಕೊಡಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಅಮೆರಿಕದಲ್ಲಿ ಏಜೆಂಟರ ರಾಷ್ಟ್ರೀಯ ಸಂಘ ಕಮಿಷನ್ ಬಗ್ಗೆ ನಡೆದ ದೊಡ್ಡ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್‌ನಿಂದ ಕೊಳ್ಳುವವರ ಏಜೆಂಟ್ ಮನೆ ತೋರಿಸುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು ಎಂಬ ನಿಯಮ ಬಂದಿದೆ. ಕಾನೂನು ಕೇಳಲಿ ಬಿಡಲಿ, ಇದು ಎಲ್ಲಿಯಾದರೂ ಒಳ್ಳೆಯ ಅಭ್ಯಾಸ.

ಪ್ರಶ್ನೆ: ಮೂವರು ಏಜೆಂಟರನ್ನು ಕೇಳಿದೆ. ಒಬ್ಬರು ಮಾತ್ರ ಉಳಿದಿಬ್ಬರಿಗಿಂತ ತುಂಬಾ ಜಾಸ್ತಿ ಬೆಲೆ ಬರುತ್ತೆ ಎಂದರು. ಅವರಿಗೇ ಕೊಡಲಾ?

ಉತ್ತರ: ದಯವಿಟ್ಟು ಆ ಒಂದೇ ಕಾರಣಕ್ಕೆ ಕೊಡಬೇಡಿ. ದೊಡ್ಡ ಬೆಲೆ ಹೇಳಿ ಮನೆಯನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡು, ಆಮೇಲೆ ತಿಂಗಳು ತಿಂಗಳು "ಸ್ವಲ್ಪ ಇಳಿಸೋಣ ಸರ್" ಅನ್ನುವವರು ಈ ಕಸುಬಿನಲ್ಲಿ ಇದ್ದಾರೆ. ಆ ಬೆಲೆ ಎಲ್ಲಿಂದ ಬಂತು ಎಂದು ಕೇಳಿ. ಪಕ್ಕದ ಮನೆಯವರು ಹೇಳುತ್ತಿರುವ ಬೆಲೆ ಬೇಡ, ಮಾರಾಟವಾಗಿ ನೋಂದಣಿಯಾದ ಬೆಲೆ ತೋರಿಸಲಿ. ಹೇಳಿದ ಬೆಲೆಗೆ ಅನುಭವಿಗಳೂ ಮರುಳಾಗುತ್ತಾರೆ. ಅಮೆರಿಕದ ಟೂಸಾನ್‌ನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಮನೆಯನ್ನು ಏಜೆಂಟರಿಗೆ ತೋರಿಸಿ, ಮಾಲೀಕರು ಕೇಳುವ ಬೆಲೆ ಎಂದು ಒಬ್ಬೊಬ್ಬರಿಗೆ ಒಂದೊಂದು ಮೊತ್ತ ಕೊಟ್ಟಿದ್ದರು. ದೊಡ್ಡ ಮೊತ್ತ ನೋಡಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು, ಕೇಳಿದರೆ ಆ ಮೊತ್ತವನ್ನು ತಾವು ಲೆಕ್ಕಕ್ಕೇ ತಗೊಂಡಿಲ್ಲ ಎಂದರು.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒಂದಿದೆ. ಸ್ಟೀವನ್ ಲೆವಿಟ್, ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿದಾಗ, ಏಜೆಂಟರು ತಮ್ಮ ಸ್ವಂತ ಮನೆಯನ್ನು ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಹೆಚ್ಚು ಕಾದು, ಸುಮಾರು ಶೇಕಡಾ 3.7ರಷ್ಟು ಜಾಸ್ತಿಗೆ ಮಾರಿದ್ದು ಕಂಡುಬಂತು. ಕಾರಣ ಸರಳ. ಕಮಿಷನ್ ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ, ಕಾದು ಇನ್ನೂ ನೂರು ತಂದುಕೊಟ್ಟರೆ ನಿಮಗೆ ತೊಂಬತ್ತೆಂಟು, ಅವರಿಗೆ ಎರಡು. ಅವರ ಮಟ್ಟಿಗೆ ಬೇಗ ಮುಗಿಸುವುದೇ ಲಾಭ. ಹಾಗಾಗಿ "ಈ ಬೆಲೆಗೆ ಒಪ್ಪಿಬಿಡಿ" ಎಂದು ಅವಸರಪಡಿಸಿದಾಗ, ಇನ್ನು ಯಾರು ಯಾರು ನೋಡಿ ಹೋಗಿದ್ದಾರೆ, ಏನು ಹೇಳಿದ್ದಾರೆ ಎಂದು ವಿವರ ಕೇಳಿ. ವಿವರ ಇಟ್ಟುಕೊಂಡವರು ಕೂಡಲೇ ಹೇಳುತ್ತಾರೆ.

ಉಳಿದದ್ದು ಬೇಗ ಮುಗಿಯುವ ವಿಚಾರ. ನಿಮ್ಮಲ್ಲಿ ಏಜೆಂಟರಿಗೆ ಪರವಾನಗಿ ಅಥವಾ ನೋಂದಣಿ ಬೇಕಿದ್ದರೆ ಅವರ ಸಂಖ್ಯೆ ಕೇಳಿ, ಸರ್ಕಾರಿ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಇತ್ತೀಚೆಗೆ ಅವರ ಮೂಲಕ ಮಾರಿದ ಇಬ್ಬರ ಹತ್ತಿರ ಮಾತಾಡಿ. ಒಬ್ಬರಿಗೇ ಮಾರುವ ಹಕ್ಕು ಕೊಡುವ ಕರಾರಾದರೆ ಅದು ಯಾವ ದಿನ ಮುಗಿಯುತ್ತೆ, ಆ ಅವಧಿಯಲ್ಲಿ ನಿಮ್ಮ ನೆಂಟರೇ ಕೊಂಡರೂ ಕಮಿಷನ್ ಕೊಡಬೇಕಾ, ಅವಧಿ ಮುಗಿದ ಮೇಲೆ ಅವರು ಕರೆತಂದಿದ್ದ ಗಿರಾಕಿ ಬಂದರೆ ಏನು ಎಂಬ ಮೂರು ಸಾಲುಗಳನ್ನು ಓದದೆ ಸಹಿ ಹಾಕಬೇಡಿ. ಜಗಳ ಬರುವುದು ಹೆಚ್ಚಾಗಿ ಆ ಮೂರನೆಯ ಸಾಲಿನಲ್ಲೇ.