ಕಾಲು ಕಳೆದುಕೊಂಡ ಯೋಧರಿಗೆ ಗುಂಡು ಎಸೆಯಲು ಏಕೆ ಹೇಳಿದೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಊರುಗಳಿಂದ ಸೈನ್ಯಕ್ಕೆ ಹೋದವರು ಅನೇಕರಿದ್ದಾರೆ. ಅವರಲ್ಲಿ ಗಾಯಗೊಂಡು ಮರಳಿದವರು ಸಲಹೆಗಾಗಿ ನನ್ನ ಬಳಿ ಬಂದಾಗ ಹೇಳಿಕೊಳ್ಳುವ ಸಂಕಟ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ನೆಲಬಾಂಬಿಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ ಅವರಿಗೆ 34 ವರ್ಷ. ಪಿಂಚಣಿ ಬರುತ್ತಿತ್ತು, ಕೃತಕ ಕಾಲು ಗೋಡೆಗೆ ಒರಗಿತ್ತು. ರಾತ್ರಿ ಬೆಚ್ಚಿ ಏಳುವುದಕ್ಕೂ ಕುಡಿತಕ್ಕೂ ಮನೋವೈದ್ಯರಲ್ಲಿ ಚಿಕಿತ್ಸೆ ಆರಂಭಿಸಿದ ಮೇಲೆಯೇ ನಾನು ಮುಂದುವರಿದೆ.

ನಾಲ್ಕನೆಯ ಭೇಟಿಗೆ ಹೆಂಡತಿಯೂ ಬಂದಿದ್ದರು. ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟಿದ್ದ ಹೊಳೆಗಲ್ಲನ್ನು ಆ ಯೋಧರು ಬಲ ಅಂಗೈಯಲ್ಲಿ ಹೊರಳಿಸುತ್ತ, ತೂಗಿ ನೋಡುತ್ತ, ಬಹಳ ಹೊತ್ತಿನ ಮೇಲೆ ಮಾತಾಡಿದರು: "ಅಕ್ಕಾರ, ನಾ ಎಲ್ಲಿ ಹೋದ್ರೂ ಮಂದಿ ಎದ್ದು ಕುರ್ಚಿ ಹಾಕ್ತಾರ. ಜಾತ್ರ್ಯಾಗ ಶಾಲು ಹೊದಸ್ತಾರ. ಆದ್ರ ಊರಿಗೆ ಬಂದು ವರ್ಷಾತು, ಒಂದು ಕೊಡ ನೀರು ತಾ ಅಂತ ಯಾರೂ ಹೇಳಿಲ್ಲ."

"ಹೆಂಗ ಹೇಳ್ಲಿರಿ? ನೋಡಿದವರು ಏನಂದಾರು?" ಎಂದು ಹೆಂಡತಿ ತಲೆ ತಗ್ಗಿಸಿದರು.

ಅದೇ ಜಿಲ್ಲೆಯ ಮುರಳಿಕಾಂತ ಪೇಟಕರ 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದದ್ದು ಅವರಿಗೆ ಗೊತ್ತಿತ್ತು. ಹೊಕಾಟೊ ಸೆಮಾ ಅವರ ವಿಷಯ ಗೊತ್ತಿರಲಿಲ್ಲ. 2002ರಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಆ ಸೈನಿಕರು ಗುಂಡು ಎಸೆತ (ಶಾಟ್‌ಪುಟ್) ಕಲಿಯಲು ಆರಂಭಿಸಿದ್ದು 2016ರಲ್ಲಿ, ಪುಣೆಯಲ್ಲಿ; 2024ರಲ್ಲಿ ಪ್ಯಾರಿಸ್‌ನಲ್ಲಿ 14.65 ಮೀಟರ್ ಎಸೆದು ಕಂಚು ಪಡೆದರು. ಅವರು ಸ್ಪರ್ಧಿಸಿದ ವರ್ಗದಲ್ಲಿ 4 ಕಿಲೋ ಗುಂಡನ್ನು ಕುಳಿತೇ ಎಸೆಯಬೇಕು, ಆಸನ 75 ಸೆಂಟಿಮೀಟರಿಗಿಂತ ಎತ್ತರವಿರಬಾರದು, ಅದು ಅಲುಗದಂತೆ ನೆಲಕ್ಕೆ ಬಿಗಿದಿರುತ್ತಾರೆ ಎಂದು ವಿವರಿಸಿದೆ. ಹೊರಳುತ್ತಿದ್ದ ಕಲ್ಲು ನಿಂತಿತು. "ಅಂದ್ರ ಅದು ದುಡಿಯೋ ಕುರ್ಚಿ" ಎಂದರು.

ನನ್ನ ಸಲಹೆ ಹೀಗಿತ್ತು: ಮೊದಲು ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಹೋಗಿ, ಚರ್ಮ ಉಜ್ಜಿ ಹುಣ್ಣಾಗದಂತೆ ಕಾಲನ್ನು ಸರಿಹೊಂದಿಸಿಕೊಳ್ಳಬೇಕು, ಬಳಿಕ ತರಬೇತುದಾರರ ಬಳಿ ಗುಂಡು ಎಸೆತದ ಅಭ್ಯಾಸ ಶುರುಮಾಡಿ, ಮೂರು ತಿಂಗಳು ದೂರ ಅಳೆಯಬಾರದು, ಹೆಂಡತಿ ದಿನಕ್ಕೊಂದಾದರೂ ಕೆಲಸ ಹೇಳಬೇಕು, ಅದು ಕೆಟ್ಟರೆ ಕೆಟ್ಟಿತೆಂದು ಹೇಳಬೇಕು.

ನೊಂದವರಿಗೆ ಪದಕದ ಆಸೆ ಹಚ್ಚುವುದು ಇನ್ನೊಂದು ಗಾಯಕ್ಕೆ ದಾರಿಯೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ಭಯ ನನಗೂ ಇದ್ದುದರಿಂದಲೇ ಅಳತೆ ಬೇಡವೆಂದೆ. ಆದರೆ 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಗಾಯಾಳು ಯೋಧರಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದಾಗ ಆಟ ಚಿಕಿತ್ಸೆಯ ಭಾಗವಾಗಿತ್ತೇ ಹೊರತು ಮನರಂಜನೆಯಾಗಿರಲಿಲ್ಲ. ಊರೆಲ್ಲ ಹೊಗಳುವ ಮನುಷ್ಯನ ತಪ್ಪನ್ನು ಮುಖಕ್ಕೇ ಹೇಳಿ ತಿದ್ದುವ ಜಾಗ ಮೈದಾನವೊಂದೇ ಎಂದು ನಾನು ನಂಬಿದ್ದೇನೆ. ಅನುಕಂಪದಿಂದ ಉಸಿರುಗಟ್ಟಿದವರಿಗೆ ಬೇಕಾದದ್ದು ಆ ತಿದ್ದುವಿಕೆ.

ಇಲ್ಲದ ಪಾದದ ಉರಿ ಈಗಲೂ ಕೆಲವು ರಾತ್ರಿ ಅವರನ್ನು ಎಬ್ಬಿಸುತ್ತದೆ, ಮಾತ್ರೆಗಳೂ ಮುಂದುವರಿದಿವೆ. ಮೂರು ತಿಂಗಳಾದ ಮೇಲೆ ಹೊಲದ ಬದಿಯಲ್ಲಿ ಅಳತೆಯ ಟೇಪು ಹಿಡಿದವರು ಅವರ ಹೆಂಡತಿ. ಎರಡನೆಯ ಎಸೆತವೇ ಎಲ್ಲಕ್ಕಿಂತ ದೂರ ಬಿದ್ದಿದ್ದರೂ, ಅವರು ಆಸನದಿಂದ ಮೇಲೆದ್ದದ್ದನ್ನು ಆಕೆ ಕಂಡಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವಂತೆ.