ಆಂಚೆಲೊಟ್ಟಿ ಗೆದ್ದಿದ್ದು ಬರೀ ಅದೃಷ್ಟದಿಂದಲಾ?

ಪ್ರಶ್ನೆ: ಕಾರ್ಲೊ ಆಂಚೆಲೊಟ್ಟಿ ಅವರನ್ನು ಎಲ್ಲರೂ ಶ್ರೇಷ್ಠ ಫುಟ್‌ಬಾಲ್ ಕೋಚ್ ಅಂತ ಹೊಗಳುತ್ತಾರೆ. ಆದರೆ ಗಾರ್ಡಿಯೋಲಾ, ಕ್ಲಾಪ್ ಅವರಿಗಿರುವ ಹಾಗೆ ಇವರಿಗೆ ತಮ್ಮದೇ ಶೈಲಿ ಅಂತ ಏನೂ ಇಲ್ಲವಲ್ಲ ಸರ್? ದುಡ್ಡಿರುವ ಕ್ಲಬ್, ದೊಡ್ಡ ಆಟಗಾರರು ಸಿಕ್ಕಿದ್ದು ಅದೃಷ್ಟ ಅಲ್ವಾ?
— ಹಾಸನದ ಓದುಗರೊಬ್ಬರು

ಉತ್ತರ: ನಾನು ಇದನ್ನು ಒಪ್ಪುವುದಿಲ್ಲ. ದೊಡ್ಡ ಕ್ಲಬ್‌ಗಳು ಸಿಕ್ಕಿದ್ದು ನಿಜ. ಆದರೆ ದೊಡ್ಡ ಆಟಗಾರರನ್ನು ಇಟ್ಟುಕೊಂಡೂ ಏನೂ ಗೆಲ್ಲದೆ ಕೆಲಸ ಕಳೆದುಕೊಂಡ ಕೋಚ್‌ಗಳು ಯುರೋಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೋಚ್ ಆಗಿ ಐದು ಸಲ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ, ಗೆದ್ದವರು ಇವರೊಬ್ಬರೇ: ಇಟಲಿಯ ಮಿಲಾನ್ ಜೊತೆ 2003, 2007, ಸ್ಪೇನಿನ ರಿಯಲ್ ಮ್ಯಾಡ್ರಿಡ್ ಜೊತೆ 2014, 2022, 2024. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಹೀಗೆ ಐದೂ ದೊಡ್ಡ ಲೀಗ್‌ಗಳನ್ನು ಗೆದ್ದ ಮೊದಲ ಕೋಚ್ ಕೂಡ ಇವರೇ. ಅದೃಷ್ಟ ಇಷ್ಟು ದೇಶ ಸುತ್ತುವುದಿಲ್ಲ.

ಇನ್ನು ಶೈಲಿಯ ಮಾತು. ಶುರುವಿನಲ್ಲಿ ಅವರಿಗೆ ಶೈಲಿ ಇತ್ತು, ಜಾಸ್ತಿಯೇ ಇತ್ತು! ಮಿಲಾನ್‌ನಲ್ಲಿ ಕೋಚ್ ಅರಿಗೊ ಸಾಕಿ ಅವರ ಕೈಕೆಳಗೆ ಆಡಿದವರು, 1994ರ ವಿಶ್ವಕಪ್‌ನಲ್ಲಿ ಇಟಲಿ ತಂಡಕ್ಕೆ ಅವರ ಸಹಾಯಕರಾಗಿದ್ದವರು. ಗುರುವಿನ 4-4-2 (ನಾಲ್ಕು ಡಿಫೆಂಡರ್, ನಾಲ್ಕು ಮಿಡ್‌ಫೀಲ್ಡರ್, ಮುಂದೆ ಇಬ್ಬರು ಸ್ಟ್ರೈಕರ್) ಅಂದರೆ ಇವರಿಗೆ ವೇದವಾಕ್ಯ. 1997ರಲ್ಲಿ ಪಾರ್ಮಾ ತಂಡದ ಕೋಚ್ ಆಗಿದ್ದಾಗ ರೊಬೆರ್ಟೊ ಬಾಜ್ಜೊ ಅಂಥ ಆಟಗಾರ ಬರಲು ಸಿದ್ಧರಿದ್ದರು. ಅವರಿಗೆ ಸ್ಟ್ರೈಕರ್‌ನ ಹಿಂದೆ ಸ್ವತಂತ್ರವಾಗಿ ಆಡಬೇಕಿತ್ತು. 4-4-2ನಲ್ಲಿ ಆ ಜಾಗವೇ ಇಲ್ಲ ಅಂತ ಆಂಚೆಲೊಟ್ಟಿ ಬೇಡ ಅಂದುಬಿಟ್ಟರು. ಬಾಜ್ಜೊ ಬೊಲೊನ್ಯಾಗೆ ಹೋಗಿ ಆ ಸೀಸನ್ನಿನ ಲೀಗ್‌ನಲ್ಲಿ 22 ಗೋಲು ಹೊಡೆದರು. ಅದು ತಪ್ಪಾಗಿತ್ತು ಅಂತ ಆಂಚೆಲೊಟ್ಟಿ ಆಮೇಲೆ ತಾವೇ ಹೇಳಿದ್ದಾರೆ.

ಅವರ ವೃತ್ತಿಯ ತಿರುವು ಇದೇ ಅಂತ ನನ್ನ ನಂಬಿಕೆ. ಮುಂದೆ ಯುವೆಂಟಸ್ ಕ್ಲಬ್‌ನಲ್ಲಿ, ಬಾಜ್ಜೊ ಹಾಗೆಯೇ ಸ್ಟ್ರೈಕರ್‌ಗಳ ಹಿಂದೆ ಆಡುವ ಜಿದಾನ್ ಸಿಕ್ಕಾಗ ಆಟಗಾರನನ್ನು ಬದಲಿಸಲು ಹೋಗಲಿಲ್ಲ, ತಂಡದ ರಚನೆಯನ್ನೇ ಬದಲಿಸಿದರು. ಮಿಲಾನ್‌ನಲ್ಲಂತೂ ಪಿರ್ಲೊ, ಸೀಡಾರ್ಫ್, ರುಯಿ ಕೋಸ್ಟಾ, ರಿವಾಲ್ಡೊ ಎಲ್ಲರೂ ಚೆಂಡು ಕಾಲಲ್ಲಿದ್ದರೇ ಖುಷಿಪಡುವವರು, ಇಷ್ಟು ಜನರನ್ನು ಒಂದೇ ತಂಡದಲ್ಲಿ ಎಲ್ಲಿ ನಿಲ್ಲಿಸುವುದು ಹೇಳಿ? ಪಿರ್ಲೊ ಅವರನ್ನು ಹಿಂದಕ್ಕೆ ಕರೆದು ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. ಬ್ರೆಷಿಯಾ ಕ್ಲಬ್‌ನಲ್ಲಿ ಕೋಚ್ ಮಜ್ಜೋನೆ ಅವರು ಇದನ್ನು ಮೊದಲೇ ಮಾಡಿ ನೋಡಿದ್ದರು, ಆ ಶ್ರೇಯ ಅವರಿಗೂ ಸಲ್ಲಬೇಕು. ಆದರೆ ಇಡೀ ತಂಡವನ್ನೇ ಅದರ ಸುತ್ತ ಕಟ್ಟಿ ಯುರೋಪ್ ಗೆದ್ದಿದ್ದು ಆಂಚೆಲೊಟ್ಟಿ.

ಇಪ್ಪತ್ತು ವರ್ಷದ ನಂತರವೂ ಇದೇ ಕೆಲಸ. 2023ರಲ್ಲಿ ಬೆನ್ಜೆಮಾ ರಿಯಲ್ ಮ್ಯಾಡ್ರಿಡ್ ಬಿಟ್ಟು ಸೌದಿಗೆ ಹೋದರು, ಅವರ ಮಟ್ಟದ ಸ್ಟ್ರೈಕರ್ ಬರಲೇ ಇಲ್ಲ. ಆಗ ಮಿಡ್‌ಫೀಲ್ಡರ್ ಬೆಲ್ಲಿಂಗಮ್ ಅವರನ್ನು ಮುಂದಕ್ಕೆ ತಂದರು. ಆ ಹುಡುಗ ಲೀಗ್‌ನಲ್ಲಿ 19 ಗೋಲು ಹೊಡೆದ. ಲೀಗೂ ಬಂತು, ಚಾಂಪಿಯನ್ಸ್ ಲೀಗೂ ಬಂತು. ಇದನ್ನು ಶೈಲಿ ಅಂತ ಕರೆಯದೆ ಇನ್ನೇನು ಅನ್ನಬೇಕು?

ಪ್ರಶ್ನೆ: ಅವರು ಎಲ್ಲೂ ಸೋತೇ ಇಲ್ಲವೇ?
— ಕಾರವಾರದ ಓದುಗರು

ಉತ್ತರ: ಸೋತಿದ್ದಾರೆ, ಚೆನ್ನಾಗಿಯೇ ಸೋತಿದ್ದಾರೆ. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಮಿಲಾನ್ ಅರ್ಧ ಸಮಯಕ್ಕೆ 3-0 ಮುಂದಿತ್ತು. ಪಂದ್ಯ 3-3 ಆಗಿ ಪೆನಾಲ್ಟಿಯಲ್ಲಿ ಕಪ್ ಹೋಯಿತು. ಎರಡೇ ವರ್ಷಕ್ಕೆ ಅದೇ ಲಿವರ್‌ಪೂಲನ್ನು ಅಥೆನ್ಸ್‌ನಲ್ಲಿ 2-1ರಿಂದ ಸೋಲಿಸಿದರು. 2017ರಲ್ಲಿ ಬಯರ್ನ್ ಮ್ಯೂನಿಕ್ ಅವರನ್ನು ಸೀಸನ್ ಶುರುವಿನಲ್ಲೇ ತೆಗೆದುಹಾಕಿತು. 2019ರಲ್ಲಿ ನಾಪೋಲಿ ಮಾಡಿದ್ದು ನನಗೆ ಇವತ್ತಿಗೂ ಬೇಸರ: ಚಾಂಪಿಯನ್ಸ್ ಲೀಗ್‌ನಲ್ಲಿ ಗೆಂಕ್ ತಂಡವನ್ನು 4-0ರಿಂದ ಸೋಲಿಸಿ ಮುಂದಿನ ಸುತ್ತಿಗೆ ಹೋದ ರಾತ್ರಿಯೇ ಅವರನ್ನು ಮನೆಗೆ ಕಳಿಸಿದರು. ಅಲ್ಲಿಂದ ಎವರ್ಟನ್‌ಗೆ ಹೋದಾಗ ಇವರ ಕಾಲ ಮುಗಿಯಿತು ಅಂದವರೇ ಜಾಸ್ತಿ. ಆಮೇಲೆ ಎರಡು ಚಾಂಪಿಯನ್ಸ್ ಲೀಗ್ ಗೆದ್ದರು ನೋಡಿ.

ಪ್ರಶ್ನೆ: ಆಟಗಾರರಾಗಿ ಹೇಗಿದ್ದರು?
— ಮಡಿಕೇರಿಯ ಓದುಗರು

ಉತ್ತರ: ಒಳ್ಳೆಯ ಮಿಡ್‌ಫೀಲ್ಡರ್. ಮಂಡಿ ಪೆಟ್ಟು ಬಹಳ ಕಾಡಿತು, 1982ರ ವಿಶ್ವಕಪ್ ಅದರಿಂದಲೇ ತಪ್ಪಿತು. ರೋಮಾ ಜೊತೆ 1983ರಲ್ಲಿ ಇಟಲಿಯ ಲೀಗ್, ಮಿಲಾನ್ ಜೊತೆ 1989, 1990ರಲ್ಲಿ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಗೆದ್ದರು. 1989ರ ಸೆಮಿಫೈನಲ್‌ನಲ್ಲಿ ಮಿಲಾನ್ ಎದುರಾಳಿಯನ್ನು 5-0ರಿಂದ ಸೋಲಿಸಿತು, ದೂರದಿಂದ ಹೊಡೆದ ಮೊದಲ ಗೋಲು ಇವರದೇ. ಎದುರಾಳಿ ರಿಯಲ್ ಮ್ಯಾಡ್ರಿಡ್.