ಲಿನಕ್ಸ್‌ಗೆ ಅಗ್ಗದ ಲ್ಯಾಪ್‌ಟಾಪ್: ಹೊಸದೋ, ಹಳೆಯದೋ?

ಪ್ರಶ್ನೆ: ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಲು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಬೇಕು. ಹೊಸದನ್ನೇ ಕೊಳ್ಳಬೇಕೇ, ಬಳಸಿದ್ದು ಸಾಕೇ?

ಉತ್ತರ: ಬಳಸಿದ್ದೇ ವಾಸಿ. ಕಚೇರಿ ಬಳಕೆಗೆಂದು ತಯಾರಾದ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಮಾದರಿಗಳನ್ನು ನೋಡಿ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರಲಿ. ತೀರಾ ಅಗ್ಗದ ಹೊಸ ಯಂತ್ರಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲಿಗೆ ಹಾಕುವ ಅಗ್ಗದ ಸಂಗ್ರಹ ಚಿಪ್) ಎರಡೂ ಮದರ್‌ಬೋರ್ಡಿಗೇ ಬೆಸೆದಿರುವುದುಂಟು, ಮುಂದೆ ಬದಲಿಸಲಾಗದು.

ಹೆಚ್ಚು ಕಾಡುವುದು ವೈಫೈ. ಇಂಟೆಲ್ ವೈಫೈ ಕಾರ್ಡುಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ಬ್ರಾಡ್‌ಕಾಮ್‌ನ ಕೆಲವಕ್ಕೆ ಬೇರೆಯಾಗಿ ಹಾಕಬೇಕು. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು! (ಆಗ ಫೋನಿನ ನೆಟ್ಟನ್ನು ಯುಎಸ್‌ಬಿ ಕೇಬಲ್‌ನಿಂದ ಪಡೆಯಿರಿ.) ಹಣ ಕೊಡುವ ಮೊದಲು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ವೈಫೈ, ಧ್ವನಿ ಪರೀಕ್ಷಿಸಿ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ ನೋಡಿ. ಬಯಾಸ್‌ನ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಮಾರುವವರಿಗೇ ಗೊತ್ತಿಲ್ಲದಿದ್ದರೆ ಆ ಯಂತ್ರ ಬೇಡವೇ ಬೇಡ.